ಫೋನಮ್ಮನ ಮನೆಯ ಫ್ಲಷ್ ಟ್ಯಾಂಕು

ಯಾರ ಮನೆಯಲ್ಲಾದರೂ ನಲ್ಲಿ ಸೋರಿದರೆ, ಸಿಂಕ್ ಕಟ್ಟಿಕೊಂಡರೆ, ಗೋಡೆಯೊಳಗಿನ ಪೈಪು ಗೊರಗೊರ ಅಂದರೆ ಅವರು ಮೊದಲು ಮಾತಾಡುತ್ತಿದ್ದದ್ದು ಫೋನಮ್ಮನ ಜೊತೆ. ಅವಳ ಗಂಡ ನಲ್ಲಿ ಮೇಸ್ತ್ರಿ ಚೀಲ ಹೆಗಲಿಗೇರಿಸಿಕೊಂಡು ಬರುವುದು ಆಮೇಲಿನ ಮಾತು. ಫೋನಮ್ಮ ಅಂತ ಹೆಸರಿಟ್ಟವರು ಗಿರಾಕಿಗಳೇ. ಇಪ್ಪತ್ತೆರಡು ವರ್ಷದಿಂದ ಹಜಾರದ ಮೂಲೆಯ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ನೋಟ್‌ಬುಕ್ಕಿಟ್ಟುಕೊಂಡು, ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅವಳು ಊರವರ ನೀರಿನ ಗೋಳನ್ನೆಲ್ಲ ಕೇಳಿದ್ದಳು.

ಗೋಳು ಕೇಳಿ ವಿಳಾಸ ಬರೆದುಕೊಂಡು ಸುಮ್ಮನಾಗುವವಳಲ್ಲ ಅವಳು. "ಅಮ್ಮಾ, ಮಾತು ಸಾಕು, ಫೋನನ್ನ ನಲ್ಲಿ ಹತ್ರ ಹಿಡೀರಿ," ಅನ್ನುತ್ತಿದ್ದಳು. "ಕೆಳಗೆ ಹಿಡೀರಿ. ಹೂಂ. ಈಗ ಪಕ್ಕಕ್ಕೆ. ಈಗ ಮೇಲೆ." ಹೀಗೆ ಮೂರು ಕಡೆ ಹಿಡಿಸಿ, ಕಣ್ಣು ಮುಚ್ಚಿ ಕೇಳಿ, ಬೇಕಾದ ಸಾಮಾನನ್ನು ಒಂದು ಚೀಟಿಯಲ್ಲಿ ಬರೆದಿಡುತ್ತಿದ್ದಳು. ಮೇಸ್ತ್ರಿ ಚೀಟಿಯಲ್ಲಿದ್ದದ್ದನ್ನು ಚೀಲಕ್ಕೆ ಹಾಕಿಕೊಂಡು ಹೋಗಿ, ಹೋದವನೇ ಬಿಚ್ಚಿ, ಹೊಸದು ಕೂರಿಸಿ ಬಂದುಬಿಡುತ್ತಿದ್ದ. "ಏನ್ರೀ ಇವರ ಕೈಗುಣ! ನೋಡೋಕೆ ಮುಂಚೇನೇ ಸಾಮಾನು ತಂದಿರ್ತಾರೆ," ಅಂತ ಜನ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಹೊಗಳಿಕೆ ಮೇಸ್ತ್ರಿಗೆ, ಭುಜದ ನೋವು ಫೋನಮ್ಮನಿಗೆ. ಅವಳೇನೂ ಅದಕ್ಕೆ ಮುಖ ಊದಿಸಿಕೊಳ್ಳಲಿಲ್ಲ. ತನ್ನ ಕಿವಿಯ ಮೇಲೆ ಅವಳಿಗಿದ್ದ ನಂಬಿಕೆ ಅಷ್ಟಿಷ್ಟಲ್ಲ. "ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳೋದನ್ನ ನಾನು ಇಲ್ಲಿಂದಲೇ ಕೇಳ್ತೀನಿ," ಅಂತ ಅತ್ತೆಯ ಎದುರಿಗೆ ಕೊಚ್ಚಿಕೊಳ್ಳುತ್ತಿದ್ದಳು. "ನನ್ನ ಮೊಣಕಾಲು ಲಟಲಟ ಅನ್ನುತ್ತಲ್ಲ, ಅದಕ್ಕೆ ಯಾವ ವಾಷರ್ರು ಹೇಳು ನೋಡೋಣ," ಅನ್ನುತ್ತಿದ್ದರು ಅತ್ತೆ.

ಇಂಥವಳ ಮನೆಯಲ್ಲೇ ಕಕ್ಕಸಿನ ಫ್ಲಷ್ ಟ್ಯಾಂಕು ನಾಲ್ಕು ತಿಂಗಳಿಂದ ನಿಲ್ಲದೆ ಹರಿಯುತ್ತಿತ್ತು ಅಂದರೆ ಯಾರಾದರೂ ನಂಬುತ್ತಾರೆಯೇ? ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ. ನೀರು ತುಂಬಿಸುವ ವಾಲ್ವು ಒಡೆದಿತ್ತೆಂದು ಮೇಸ್ತ್ರಿಯೇ ಒಂದು ಭಾನುವಾರ ಅವಸರದಲ್ಲಿ ಹೊಸದು ಹಾಕಿದ್ದ. ಅದಾದ ಮೇಲೆ ಶುರುವಾದದ್ದು. ಯಾರೂ ಮುಟ್ಟದಿದ್ದರೂ ಐದು ನಿಮಿಷಕ್ಕೊಮ್ಮೆ ಭುಸ್ ಅಂತ ನೀರು ತುಂಬಿಕೊಳ್ಳುವುದು, ನಿಲ್ಲುವುದು, ಮತ್ತೆ ಭುಸ್. ಮಾಳಿಗೆಯ ಮೇಲಿನ ತೊಟ್ಟಿ ಮಧ್ಯಾಹ್ನಕ್ಕೇ ತಳ ಕಾಣುತ್ತಿತ್ತು. ಹೇಳಿದಾಗಲೆಲ್ಲ ಮೇಸ್ತ್ರಿ, "ನೋಡೋಣ ಬಿಡು," ಅನ್ನುತ್ತಿದ್ದ. ಇನ್ನೊಂದು ಸಲ ಹೇಳಿದರೆ, "ಏನು?" ಅನ್ನುತ್ತಿದ್ದ. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದ ಗಂಡಸಿಗೆ ಹೆಂಡತಿ ಆಡಿದ ಮಾತಿನ ಮೊದಲ ಅರ್ಧ ಕೇಳಿಸುವುದಿಲ್ಲ ಅನ್ನುವುದು ಲೋಕಕ್ಕೇ ಗೊತ್ತಿರುವ ವಿಷಯ. ಫೋನಮ್ಮ ಅದನ್ನು ದೊಡ್ಡದು ಮಾಡಲಿಲ್ಲ.

ಶನಿವಾರ ಊಟಕ್ಕೆ ಕೂತಾಗ ಮೇಸ್ತ್ರಿ ತಟ್ಟೆಯನ್ನೇ ನೋಡುತ್ತ ಹೇಳಿದ: "ಸೋಮವಾರ ಬೆಳಿಗ್ಗೆ ಹೋಗಿ ಸಹಿ ಹಾಕಿ ಬರ್ತೀನಿ."

"ಯಾವ ಸಹಿ?" ಅಂದಳು ಫೋನಮ್ಮ.

"ಏನು?"

"ಯಾವ ಸಹಿ ಅಂದೆ!"

"ಕೆಲಸದ್ದು. ಕಟ್ಟಡ ಕಟ್ಟೋ ಕಂಪನಿಯವರು ಕರೀತಿದಾರೆ. ಅವರು ನಕ್ಷೆ ಕೊಡ್ತಾರೆ, ಅದನ್ನ ನೋಡ್ಕೊಂಡು ಪೈಪು ಜೋಡ್ಸೋದು, ಸಂಜೆ ಮನೆಗೆ ಬರೋದು. ಗಿರಾಕಿಗಳ ಕಾಟ ಇಲ್ಲ. ನಮ್ಮ ಈ ಕೆಲಸ ಇನ್ನು ಸಾಕು ಕಣೇ. ಆ ಫೋನನ್ನೂ ತೆಗೆಸಿಬಿಡೋಣ."

ಫೋನಮ್ಮನ ಕೈಯ ಸೌಟು ಪಾತ್ರೆಯಲ್ಲೇ ನಿಂತಿತು. ಫೋನು ತೆಗೆಸುವುದು ಅಂದರೇನು? ಇಪ್ಪತ್ತೆರಡು ವರ್ಷ ಅವಳು ಕಲಿತ ವಿದ್ಯೆಯನ್ನು ಗುಡಿಸಿ ಹೊರಗೆ ಹಾಕಿದ ಹಾಗೆ. ಅದನ್ನು ಈ ಮನುಷ್ಯ ಸಾರು ಇನ್ನಷ್ಟು ಹಾಕು ಅನ್ನುವ ದನಿಯಲ್ಲಿ ಹೇಳುತ್ತಿದ್ದಾನೆ!

"ಇತ್ತೀಚೆಗೆ ಗಿರಾಕಿಗಳಿಗೂ ನನಗೂ ಹೊಂದ್ತಾ ಇಲ್ಲ," ಅಂದ ಮೇಸ್ತ್ರಿ. ಅದು ಸುಳ್ಳಲ್ಲ. ಅಡುಗೆಮನೆ ನಲ್ಲಿ ಅಂದರೆ ಬಚ್ಚಲಿನದನ್ನು ಬಿಚ್ಚಿಟ್ಟು ಬಂದರು ಅಂತ ಈ ವರ್ಷ ಮೂರು ನಾಲ್ಕು ದೂರು ಬಂದಿದ್ದವು. ಫೋನಮ್ಮ, ದಣಿದಿದ್ದಾರೆ ಪಾಪ ಅಂದುಕೊಂಡು, ತಾನೇ ತಪ್ಪಾಯಿತೆಂದು ಹೇಳಿ ಸಮಾಧಾನ ಮಾಡಿದ್ದಳು.

"ದಣಿವಾಗಿದ್ರೆ ನಾನೂ ಜೊತೆಗೆ ಬರ್ತೀನಿ. ನಾನೂ ಸ್ಪ್ಯಾನರ್ ಹಿಡೀತೀನಿ," ಅಂದಳು ಗಟ್ಟಿಯಾಗಿ.

ಮೇಸ್ತ್ರಿ ನಕ್ಕ. "ಫೋನಲ್ಲಿ ಹೇಳೋದು ಬಾಯಿ ಕೆಲಸ ಕಣೇ, ಇದು ಕೈ ಕೆಲಸ. ಒಂದು ಸಲ ಕೈ ಒದ್ದೆ ಮಾಡ್ಕೊಂಡು ನೋಡು, ಆಮೇಲೆ ಮಾತಾಡು."

"ಸರಿ ಹಾಗಾದ್ರೆ. ನಮ್ಮ ಟ್ಯಾಂಕು ಇದೆಯಲ್ಲ, ನಾಳೆ ಸಂಜೆ ಒಳಗೆ ಅದನ್ನ ನಾನೇ ನಿಲ್ಲಿಸ್ತೀನಿ. ನಿಲ್ಲಿಸಿದ್ರೆ ನೀವು ಸಹಿ ಹಾಕೋ ಹಾಗಿಲ್ಲ, ಸೋಮವಾರದಿಂದ ನಾನೂ ಕೆಲಸಕ್ಕೆ ಬರ್ತೀನಿ. ನಿಲ್ಲಿಸದಿದ್ರೆ ಫೋನನ್ನ ನನ್ನ ಕೈಯಾರೆ ಕಿತ್ತಿಡ್ತೀನಿ."

ಮೇಸ್ತ್ರಿ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದ. "ಆಗ್ಲಿ," ಅಂದ.

"ನಾನು ಸಾಕ್ಷಿ," ಅಂದರು ಅತ್ತೆ. ಎಪ್ಪತ್ತೆಂಟು ವರ್ಷದ ಮುದುಕಿಗೆ ಮನೆಯಲ್ಲಿ ಇಷ್ಟು ಸೊಗಸಾದ ಜಗಳ ನೋಡಲು ಸಿಕ್ಕಿ ಎಷ್ಟೋ ಕಾಲವಾಗಿತ್ತು.

ಭಾನುವಾರ ಬೆಳಿಗ್ಗೆ ಮೇಸ್ತ್ರಿ ಒಪ್ಪಿಕೊಂಡಿದ್ದ ಒಂದು ಕೆಲಸ ಮುಗಿಸಲು ಊರಿನ ಆ ತುದಿಗೆ ಹೊರಟ. ಅವನು ಬೀದಿ ತಿರುಗಿದ್ದೇ ತಡ, ಫೋನಮ್ಮ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕಕ್ಕಸಿಗೆ ನುಗ್ಗಿದಳು. ಅವಳಿಗೆ ಅನುಮಾನವೇ ಇರಲಿಲ್ಲ. ಇಂಥ ದೂರು ಕಡಿಮೆಯೆಂದರೂ ಸಾವಿರ ಕೇಳಿದ್ದಾಳೆ. ನೂರಕ್ಕೆ ತೊಂಬತ್ತು ಸಲ ಟ್ಯಾಂಕಿನ ತಳದ ರಬ್ಬರ್ ಮುಚ್ಚಳ ಸವೆದಿರುತ್ತದೆ. ಅದರ ಸಂದಿಯಿಂದ ನೀರು ಕಮೋಡಿಗೆ ಇಳಿಯುತ್ತದೆ. ಪರೀಕ್ಷೆಯೂ ಸುಲಭ. ಬಟ್ಟೆಗೆ ಹಾಕುವ ನೀಲಿಯನ್ನು ಟ್ಯಾಂಕಿನ ನೀರಿಗೆ ನಾಲ್ಕು ಹನಿ ಬಿಟ್ಟು ಕಾಯಬೇಕು. ಕಾಯ್ದಳು. ಕಾಲು ಗಂಟೆಯಲ್ಲಿ ಕಮೋಡಿನ ನೀರು ತಿಳಿನೀಲಿಯಾಯಿತು.

"ಅತ್ತೆ, ಬನ್ನಿ ನೋಡಿ, ಕಳ್ಳ ಸಿಕ್ಕಿಬಿದ್ದ!" ಅಂತ ಕೂಗಿದಳು.

ಉಗ್ರಾಣದ ಡಬ್ಬಿಯಿಂದ ಹೊಸ ರಬ್ಬರ್ ಮುಚ್ಚಳ ತಂದು, ಟ್ಯಾಂಕಿನೊಳಗೆ ಮೊಣಕೈವರೆಗೆ ಕೈ ಇಳಿಬಿಟ್ಟು ಹಳೆಯದನ್ನು ಕಿತ್ತಳು. ಕಿತ್ತದ್ದೇ ನೀರೆಲ್ಲ ದಬದಬ ಇಳಿಯಿತು, ನೀರು ತುಂಬಿಸುವ ವಾಲ್ವು ತೆರೆದುಕೊಂಡು ಹೊಸ ನೀರು ಅವಳ ಮುಖಕ್ಕೇ ಚಿಮ್ಮಿತು. ಮೊದಲು ಗೋಡೆಯ ವಾಲ್ವು ಬಂದ್ ಮಾಡ್ಕೊಳ್ಳಿ, ಆಮೇಲೆ ಮುಚ್ಚಳ ಮುಟ್ಟಿ ಅಂತ ಇಪ್ಪತ್ತೆರಡು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವಳು ತಾನೇ ಅದನ್ನು ಮರೆತಿದ್ದಳು. ಅತ್ತೆ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಫೋನಮ್ಮ ಒದ್ದೆ ಸೀರೆಯಲ್ಲೇ ಹೊಸ ಮುಚ್ಚಳ ಕೂರಿಸಿ, ಸರಪಳಿ ಸಿಕ್ಕಿಸಿ, ಮತ್ತೆ ನೀರು ಬಿಟ್ಟಳು. ಇಷ್ಟೇನಾ ಕೈ ಕೆಲಸ ಅಂದರೆ, ಅನ್ನಿಸಿತು. ಸೀರೆ ಬದಲಾಯಿಸಿಕೊಂಡು ಬಂದು ಕೂದಲು ಒರೆಸುತ್ತ ಕೂತಳು.

ಭುಸ್.

ಟವೆಲ್ಲು ತಲೆಯ ಮೇಲೇ ನಿಂತಿತು. ಐದು ನಿಮಿಷ ಬಿಟ್ಟು ಮತ್ತೆ ಭುಸ್. ಹೋಗಿ ನೀಲಿ ಹಾಕಿ ನೋಡಿದಳು. ಕಮೋಡಿನಲ್ಲಿ ಮತ್ತೆ ನೀಲಿ. ಮುಚ್ಚಳ ಕೂತ ಜಾಗವನ್ನು ಒರೆಸಿ ಕೂರಿಸಿದಳು, ಇನ್ನೊಂದು ಮುಚ್ಚಳ ಹಾಕಿದಳು, ನೀರಿನ ಮಟ್ಟಕ್ಕೆ ಟ್ಯಾಂಕಿನ ಒಳಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು ನೋಡಿದಳು. ಟ್ಯಾಂಕಿನ ನಡುವೆ ಒಂದು ದಪ್ಪ ಪೈಪು ನೆಟ್ಟಗೆ ನಿಂತಿರುತ್ತದೆ, ನೀರು ಅತಿಯಾದರೆ ಅದರ ಬಾಯಿಂದ ಇಳಿದು ಹೋಗಲಿ ಅಂತ. ನೀರು ಅದರ ಬಾಯಿಗಿಂತ ಎರಡು ಬೆರಳು ಕೆಳಗೇ ಇತ್ತು. ಉಕ್ಕಿ ಹೋಗುತ್ತಿಲ್ಲ, ತಳದಲ್ಲಿ ಸೋರುತ್ತಿಲ್ಲ, ಆದರೂ ನೀರು ಹೋಗುತ್ತಿದೆ. ಊಟದ ಹೊತ್ತು ದಾಟಿತು. ಫೋನಮ್ಮನಿಗೆ ಮೊದಲ ಸಲ ಹೆದರಿಕೆಯಾಯಿತು. ಕೈಯಾರೆ ಕಿತ್ತಿಡ್ತೀನಿ ಅಂತ ಯಾಕಾದರೂ ಅಂದೆನೋ!

"ಬೇರೆಯವರ ಮನೆಯದಾಗಿದ್ರೆ ಇಷ್ಟೊತ್ತಿಗೆ ಚೀಟಿ ಬರೆದು ಮುಗಿಸಿರ್ತಿದ್ದೆ," ಅಂತ ಗೊಣಗಿದಳು. "ಇಲ್ಲಿ ಏನೂ ಕೇಳಿಸ್ತಾನೇ ಇಲ್ಲ. ಬೀದಿ ಸದ್ದು, ಗೋಡೆ ಮಾರ್ದನಿ, ಎಲ್ಲಾ ಕಲಸಿಹೋಗುತ್ತೆ."

"ಹಾಗಾದ್ರೆ ಬೇರೆಯವರ ಮನೆಯದೇ ಅಂದ್ಕೋ," ಅಂದರು ಅತ್ತೆ.

ಫೋನಮ್ಮ ಅತ್ತೆಯ ಮುಖ ನೋಡಿದಳು. ಎದ್ದವಳೇ ತನ್ನ ಮೊಬೈಲನ್ನು ಅತ್ತೆಯ ಕೈಗೆ ಕೊಟ್ಟು, ಕಕ್ಕಸಿನೊಳಗೆ ನಿಲ್ಲಿಸಿ, ಬಾಗಿಲೆಳೆದುಕೊಂಡಳು. ಹಜಾರಕ್ಕೆ ಬಂದು ತನ್ನ ಸ್ಟೂಲಿನ ಮೇಲೆ ಕೂತಳು. ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಮನೆಯ ಫೋನಿನಿಂದ ಮೊಬೈಲಿಗೆ ಮಾಡಿದಳು.

"ಹಲೋ, ಏನು ತೊಂದ್ರೆ ಹೇಳಿ?"

"ಏನಮ್ಮ ಇದು, ನಾಲ್ಕು ತಿಂಗಳಿಂದ ಹೇಳ್ತಿದೀನಿ, ನಿಮ್ಮ ಮೇಸ್ತ್ರಿ ಈ ಕಡೆ ತಲೆ ಹಾಕಿಲ್ಲ!" ಅಂದರು ಅತ್ತೆ. "ಇನ್ನೊಂದು ವಿಷಯ, ನಾನು ಗಿರಾಕಿ. ಸೊಸೆ ಹಾಗೆ ಸಿಡುಕಬೇಡ, ಮರ್ಯಾದೆಯಿಂದ ಮಾತಾಡು."

"ಆಯ್ತು ಅಮ್ಮಾವ್ರೇ. ಫೋನನ್ನ ಕೆಳಗೆ ಹಿಡೀರಿ, ಕಮೋಡಿನ ಹತ್ರ."

ಕೆಳಗೆ ಸಣ್ಣ ಜಿನುಗು. ದೂರದಿಂದ ಬಂದ ಹಾಗಿತ್ತು. "ಈಗ ಪಕ್ಕಕ್ಕೆ, ಗೋಡೆಯ ವಾಲ್ವಿಗೆ." ಅಲ್ಲಿ ಏನೂ ಇಲ್ಲ. "ಈಗ ಮೇಲೆ ಹಿಡೀರಿ. ಟ್ಯಾಂಕಿನ ನಡುವೆ ನೆಟ್ಟಗೆ ಪೈಪು ಇದೆ ನೋಡಿ, ಅದರ ಬಾಯಿಗೆ ಹಿಡೀರಿ. ನೀರಿಗೆ ಬೀಳಿಸಬೇಡಿ ಮತ್ತೆ."

ಫೋನಮ್ಮ ಕಣ್ಣು ಮುಚ್ಚಿದಳು. ಬೀದಿ ಹೋಯಿತು, ಗೋಡೆ ಹೋಯಿತು, ಆ ಪೈಪಿನ ಬಾಯಿ ಒಂದೇ ಉಳಿಯಿತು. ಅದರೊಳಗೆ ಸೂರಿನಿಂದ ನೀರು ಎಳೆಯಾಗಿ ಇಳಿಯುವಂಥ ಸದ್ದು, ಒಂದೇ ಸಮನೆ. ನೀರು ಆ ಬಾಯಿಯನ್ನು ಮುಟ್ಟುತ್ತಲೇ ಇಲ್ಲ, ಎರಡು ಬೆರಳು ಕೆಳಗಿದೆ. ಮತ್ತೆ ಅದರೊಳಗೆ ನೀರೆಲ್ಲಿಂದ?

"ಅತ್ತೆ, ಆ ಪೈಪಿನೊಳಗೆ ಏನಾದ್ರೂ ಇಳಿಬಿಟ್ಟಿದೆಯಾ?"

"ಪೆನ್ಸಿಲ್ ದಪ್ಪದ ಮೆತ್ತನೆ ಪೈಪೊಂದಿದೆ. ಆ ವಾಲ್ವಿನಿಂದ ಬಂದು ಇದರೊಳಗೆ ಇಳಿದಿದೆ."

"ಎಷ್ಟುದ್ದ ಇಳಿದಿದೆ?"

"ಎಳೀತಾನೇ ಇದೀನಿ ಕಣೇ, ಬರ್ತಾನೇ ಇದೆ!"

ಫೋನಮ್ಮ ರಿಸೀವರ್ ಎಸೆದು ಓಡಿದಳು. ಫ್ಲಷ್ ಮಾಡಿದ ಮೇಲೆ ಕಮೋಡಿಗೆ ಒಂದಿಷ್ಟು ನೀರು ಬಿಡುವ ಪೈಪು ಅದು. ಅದರ ತುದಿ ದಪ್ಪ ಪೈಪಿನ ಬಾಯಿಯ ಮೇಲೆ ನಿಂತಿರಬೇಕು, ಒಂದು ಕ್ಲಿಪ್ಪು ಅದನ್ನು ಹಿಡಿದಿರಬೇಕು. ಇಲ್ಲಿ ಕ್ಲಿಪ್ಪಿಲ್ಲದೆ ಅದನ್ನು ಒಂದು ಗೇಣು ಒಳಕ್ಕೆ ತುರುಕಲಾಗಿತ್ತು. ತುದಿ ನೀರಿನ ಮಟ್ಟಕ್ಕಿಂತ ಕೆಳಗೆ ಹೋದದ್ದೇ, ಡ್ರಮ್ಮಿನಿಂದ ಪೈಪು ಹಾಕಿ ಎಣ್ಣೆ ಎಳೆಯುವ ಹಾಗೆ, ಅದು ಟ್ಯಾಂಕಿನ ನೀರನ್ನು ಹೀರಿ ಹೀರಿ ಕೆಳಗೆ ಬಿಡುತ್ತಿತ್ತು. ಉಗ್ರಾಣದಲ್ಲಿ ಹುಡುಕಿದರೆ, ಹೊಸ ವಾಲ್ವಿನ ಡಬ್ಬಿಯೊಳಗೆ ಪುಟ್ಟ ಕ್ಲಿಪ್ಪು ಬಿಚ್ಚದ ಚೀಲದಲ್ಲೇ ಇತ್ತು. ಅದನ್ನು ಹಾಕಿ, ತುದಿಯನ್ನು ಬಾಯಿಯ ಮೇಲಕ್ಕೆ ನಿಲ್ಲಿಸಿದಳು. ಅತ್ತೆಯೂ ಸೊಸೆಯೂ ಒಂದು ಗಂಟೆ ಬಾಗಿಲಲ್ಲಿ ಕೂತು ಕೇಳಿದರು. ಒಂದು ಹನಿಯ ಸದ್ದಿಲ್ಲ.

ಗೆದ್ದ ಖುಷಿ ಒಂದು, ಯಾರ ತಪ್ಪು ಅಂತ ಗೊತ್ತಾದ ಖುಷಿ ಇನ್ನೊಂದು. ಗಿರಾಕಿಗಳ ಮನೆಯಲ್ಲಿ ಇಂಥದ್ದನ್ನು ಹಾಕಿದರೆ ಮೇಸ್ತ್ರಿ ಕಿವಿಗೊಟ್ಟು ಕೇಳಿ, ಸದ್ದಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಮೇಲೇಳುತ್ತಿದ್ದ. ಮನೆಯದು ತಾನೇ ಅಂತ ತುರುಕಿ ಎದ್ದುಬಂದಿದ್ದಾನೆ! ಬಾಯಿ ಕೆಲಸವಂತೆ, ಕೈ ಕೆಲಸವಂತೆ! ಇವತ್ತು ಬರಲಿ, ನೀರಿಳಿಸುತ್ತೇನೆ ಅಂತ ಫೋನಮ್ಮ ಮಾತುಗಳನ್ನು ಜೋಡಿಸಿಕೊಂಡಳು. ಮೇಸ್ತ್ರಿಯ ಹೆಜ್ಜೆ ಮೆಟ್ಟಿಲ ಮೇಲೆ ಕೇಳಿಸಿದ್ದೇ, ಅವನ ಪ್ರತಾಪ ಅವನೇ ಕಣ್ಣಾರೆ ನೋಡಲಿ ಅಂತ, ಕ್ಲಿಪ್ಪು ಬಿಚ್ಚಿ ಪೈಪನ್ನು ಮೊದಲಿನ ಹಾಗೇ ಒಳಕ್ಕೆ ತುರುಕಿ ಒಂದು ಸಲ ಫ್ಲಷ್ ಎಳೆದಳು. ಟ್ಯಾಂಕಿಗೆ ಬೆನ್ನು ಕೊಟ್ಟು ಅಡ್ಡ ನಿಂತಳು. ಹಿಂದೆ ನೀರು ಭುಸ್ಸೆಂದು ತುಂಬತೊಡಗಿತು.

"ಮತ್ತೆ ಶುರುವಾಯ್ತಲ್ಲೇ ಅದು!" ಅಂತ ಅತ್ತೆ ಅಡುಗೆಮನೆಯಿಂದ ಕೂಗಿದರು.

ಮೇಸ್ತ್ರಿ ಚೀಲ ಇಳಿಸಿ ಬಾಗಿಲಿಗೆ ಬಂದ. ಒಂದು ಕ್ಷಣ ತಲೆ ವಾರೆ ಮಾಡಿ ನಿಂತ. ಅವಳ ಮುಖದಲ್ಲಿದ್ದ ಗೆಲುವನ್ನು ನೋಡಿದ. ನಕ್ಕು, "ಭೇಷ್ ಕಣೇ," ಅಂದ. "ನಿಲ್ಲಿಸೇಬಿಟ್ಟಿದೀಯ. ಒಂಚೂರೂ ಸದ್ದಿಲ್ಲ. ನೀನೇ ಗೆದ್ದೆ."

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಳು ಫೋನಮ್ಮ. ಮುಖ ನೋಡಿದರೆ ತಮಾಷೆಯಿಲ್ಲ. ಉತ್ತರ ಸರಿಯಾಯಿತೋ ಇಲ್ಲವೋ ಅಂತ ಮೇಷ್ಟರ ಮುಖ ನೋಡುವ ಮಕ್ಕಳ ಹಾಗೆ ನೋಡುತ್ತಿದ್ದ. ಅವಳ ಬೆನ್ನ ಹಿಂದೆ ನೀರು ಭೋರೆನ್ನುತ್ತಿತ್ತು.

ಅವಳು ಮೆಲ್ಲಗೆ ಟ್ಯಾಂಕಿನ ಕಡೆ ತಿರುಗಿ, ಅವನಿಗೆ ಬೆನ್ನು ಹಾಕಿ, ದಿನಾ ಮಾತಾಡುವ ದನಿಯಲ್ಲೇ ಕೇಳಿದಳು: "ಏನ್ರೀ, ಮುಖ ತೊಳ್ಕೊಂಡು ಬರ್ತೀರಾ?"

ಉತ್ತರ ಬರಲಿಲ್ಲ.

ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಬಿಟ್ಟುಹೋಯಿತು, ಈ ವರ್ಷದ್ದೆಲ್ಲ ಒಂದೊಂದೇ ನೆನಪಿಗೆ ಬಂತು. ನೋಡೋಣ ಬಿಡು ಅಂದದ್ದು, ಏನು ಏನು ಅಂದದ್ದು, ಅಡುಗೆಮನೆ ಬಿಟ್ಟು ಬಚ್ಚಲಿನ ನಲ್ಲಿ ಬಿಚ್ಚಿದ್ದು, ಫೋನು ಎದುರಿಗೇ ಹೊಡೆದುಕೊಳ್ಳುತ್ತಿದ್ದರೂ ಎತ್ತದೆ ಕೂತದ್ದು. ಯಾವುದೋ ಬೀದಿಯ ಯಾರದೋ ಮನೆಯ ವಾಷರ್ ಸವೆದದ್ದು ಅವಳಿಗೆ ತಂತಿಯ ಈ ತುದಿಯಿಂದ ಗೊತ್ತಾಗುತ್ತಿತ್ತು. ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ ಮಲಗುವವನ ವಿಷಯ ಗೊತ್ತಾಗಲಿಲ್ಲ. ಫೋನಮ್ಮನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಸಂಕಟವಾಯಿತು.

ತಿರುಗಿ, ಅವನ ಎದುರಿಗೆ ನಿಂತು ಕೇಳಿದಳು: "ಎಷ್ಟು ದಿನ ಆಯ್ತು?"

ಅವನು ಅವಳ ತುಟಿಗಳನ್ನು ನೋಡಿದ. ನಗು ಇಳಿಯಿತು. ಮೂಲೆಯ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತ.

"ಒಂದು ವರ್ಷ," ಅಂದ. "ಬಲಗಿವಿ ಪೂರ್ತಿ ಹೋಗಿದೆ. ಎಡಗಿವೀಲಿ, ಹೀಗೆ ಎದುರಿಗೆ ನಿಂತು ಮಾತಾಡಿದ್ರೆ ಒಂದಿಷ್ಟು. ಇಷ್ಟು ವರ್ಷ ಗೋಡೆ ಕೊರೆದ ಸದ್ದಿಗೆ ಬಂದಿರೋದು ಅಂದ್ರು ಡಾಕ್ಟರು. ಕಿವಿಗೆ ಮೆಷಿನ್ ಹಾಕ್ಕೋ ಅಂದ್ರು. ಕಿವೀಲಿ ಮೆಷಿನ್ ಇಟ್ಕೊಂಡು ಬಂದ ಮೇಸ್ತ್ರೀನ ಸೋರೋ ಪೈಪು ಹುಡುಕೋಕೆ ಯಾರು ಕರೀತಾರೆ? ಹೊಸ ಕಟ್ಟಡದಲ್ಲಾದ್ರೆ ಇನ್ನೂ ನೀರೇ ಬಂದಿರಲ್ಲ. ಕೇಳೋಕೆ ಏನೂ ಇರಲ್ಲ."

"ನನಗ್ಯಾಕೆ ಹೇಳ್ಲಿಲ್ಲ?"

"ಊರವರ ಮನೆ ಸದ್ದನ್ನೆಲ್ಲ ಕೂತಲ್ಲಿಂದ್ಲೇ ಕೇಳೋಳು ನೀನು. ನಿನಗೆ ಹೇಗೆ ಹೇಳ್ಲಿ?"

ಫೋನಮ್ಮ ಸೆರಗಿನಿಂದ ಒಂದು ಸಲ ಕಣ್ಣೊರೆಸಿಕೊಂಡಳು. ಒಂದೇ ಸಲ; ಅಳುತ್ತ ಕೂರುವ ಜಾಯಮಾನದವಳಲ್ಲ. ಆಮೇಲೆ ಪಕ್ಕಕ್ಕೆ ಸರಿದು ಟ್ಯಾಂಕು ತೋರಿಸಿದಳು. ಮೇಸ್ತ್ರಿ ಎದ್ದು ಬಗ್ಗಿ ನೋಡಿದ. ತುರುಕಿದ ಪೈಪು ಕಾಣಿಸಿತು. ಗೋಡೆಯ ವಾಲ್ವಿನ ಮೇಲೆ ಅಂಗೈ ಇಟ್ಟ, ಒಳಗೆ ನೀರು ಓಡುತ್ತಿರುವುದು ಕೈಗೆ ತಿಳಿಯಿತು.

"ಇದು ನಾನು ಮಾಡಿದ್ದು," ಅಂದ. "ಇನ್ನೂ ಓಡ್ತಾನೇ ಇದೆಯಾ?"

"ಓಡ್ತಿದೆ. ನಾನು ನಿಲ್ಲಿಸಿದ್ದೆ, ನಿಮಗೆ ತೋರಿಸೋಕೆ ಅಂತ ಮತ್ತೆ ಹಾಗೇ ಇಟ್ಟೆ. ಬೇಕಿದ್ರೆ ನಿಮ್ಮಮ್ಮನ್ನ ಕೇಳಿ. ನಾಳೆ ನೀವು ಸಹಿ ಹಾಕಲ್ಲ. ಕಿವಿಗೆ ಮೆಷಿನ್ ಹಾಕಿಸ್ಕೊಳ್ತೀರ. ಕೆಲಸಕ್ಕೆ ಇಬ್ಬರೂ ಹೋಗೋದು. ನಾನು ಕೇಳ್ತೀನಿ, ನೀವು ಮಾಡಿ."

"ಹೆಂಡತಿನ ಹಿಂದೆ ಕಟ್ಕೊಂಡು ಹೋದ್ರೆ ಜನ ಏನಂತಾರೆ?"

"ಅಂದ್ರೆ ಅನ್ಲಿ ಬಿಡಿ. ನಿಮಗೆ ಹೇಗೂ ಕೇಳಿಸಲ್ಲ."

ಮೇಸ್ತ್ರಿ ಅವಳನ್ನೇ ನೋಡಿದ. ಮೊದಲು ಹೆಗಲು ಕುಲುಕಿತು, ಆಮೇಲೆ ನಗು ಹೊರಗೆ ಬಂತು, ಕೊನೆಗೆ ಗೋಡೆ ಹಿಡಿದುಕೊಳ್ಳಬೇಕಾಯಿತು. ಏನಾಯಿತೋ ಅಂತ ಅತ್ತೆ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದರು. ಫೋನಮ್ಮ ಎರಡು ಮಾತಿನಲ್ಲಿ ಹೇಳಿದಳು. ಅತ್ತೆ ಮಗನ ಮುಖವನ್ನೊಮ್ಮೆ ಸವರಿದರು.

"ನೀವಿಬ್ರೂ ಹೋದ್ರೆ ಫೋನು ಯಾರೆತ್ತೋದು ಅಂತ ಯೋಚನೆ ಮಾಡಬೇಡಿ," ಅಂದರು ಆಮೇಲೆ. "ಕೆಳಗೆ, ಪಕ್ಕಕ್ಕೆ, ಮೇಲೆ. ಅಷ್ಟೇ ತಾನೆ?"

ಮೇಸ್ತ್ರಿ ಪೈಪನ್ನು ಹೊರಕ್ಕೆಳೆದ. ಕ್ಲಿಪ್ಪು ಹಾಕಿ ತುದಿಯನ್ನು ಬಾಯಿಯ ಮೇಲೆ ನಿಲ್ಲಿಸಿದ. ಟ್ಯಾಂಕಿನ ಕಡೆ ನೋಡಲಿಲ್ಲ. ಫೋನಮ್ಮನ ಮುಖ ನೋಡುತ್ತ ನಿಂತ. ಅವಳು ಕಣ್ಣು ಮುಚ್ಚಿ ಕೇಳಿದಳು, ಇನ್ನೂ ಇಲ್ಲ ಅಂತ ತಲೆಯಾಡಿಸಿದಳು. ಅವನು ತುದಿಯನ್ನು ಒಂದು ಬೆರಳಿನಷ್ಟು ಮೇಲೆತ್ತಿ ಕಾಯ್ದ. ನೀರು ತುಂಬಿಕೊಂಡು ನಿಂತಿತು. ಅವಳು ಕಣ್ಣು ತೆರೆದು, ಆಯಿತು ಅಂತ ಕೈ ಸನ್ನೆ ಮಾಡಿದಳು. ಅವನು ಟ್ಯಾಂಕಿನ ಮುಚ್ಚಳ ಮುಚ್ಚಿದ.